ಮಗುಚುವ ಕಲ್ಲು

ಕಲ್ಲು ಎಂದರೆ ಯಾದಗಿರಿ ಜಿಲ್ಲೆಯ ಕೊಂಕಲ್ ಕಡೆಯವರಿಗೆ ಅಪರೂಪದ ವಸ್ತುವೇನಲ್ಲ. ಶಹಾಪುರ, ಸುರಪುರದ ಗುಡ್ಡಗಳ ತುಂಬ ಬಂಡೆಗಳೇ. ಅಂಥ ಸೀಮೆಯಿಂದ ನೌಕರಿಗೆಂದು ಕಾರವಾರಕ್ಕೆ ಬಂದ ವಿಜ್ಞಾನದ ಮಾಸ್ತರರೊಬ್ಬರಿಗೆ ಸಮುದ್ರಕ್ಕಿಂತ ಹೆಚ್ಚು ಸೋಜಿಗವೆನಿಸಿದ್ದು ಅದರ ದಂಡೆಯ ಕಲ್ಲುಗಳು. ಊರಿನ ಕಲ್ಲು ಬಿಸಿಲಿಗೆ ಕಾದು ಬೋಳಾಗಿದ್ದರೆ, ಇಲ್ಲಿಯದು ಇಳಿತದ ಹೊತ್ತಿನಲ್ಲಿ ಹಸಿರು, ಕಂದು, ಕೆಂಪು ಕಡಲಕಳೆಗಳನ್ನು ಹೊದ್ದು ಕುಳಿತಿರುತ್ತಿತ್ತು.

ಮಾಸ್ತರರು ಪುಸ್ತಕ ತಿರುವಿದರು. ಬೋಳು ಕಲ್ಲಿನ ಮೇಲೆ ಕಳೆಗಳೆಲ್ಲ ಒಮ್ಮೆಲೇ ಬರುವುದಿಲ್ಲ. ಸರದಿಯ ಮೇಲೆ ಬರುತ್ತವೆ. ಅಮೆರಿಕದ ಕ್ಯಾಲಿಫೋರ್ನಿಯಾ ದಂಡೆಯಲ್ಲಿ ವೇನ್ ಸೌಸಾ ಎಂಬ ವಿಜ್ಞಾನಿ ಈ ಸರದಿಯನ್ನು ಲೆಕ್ಕವಿಟ್ಟು ನೋಡಿ 1979ರಲ್ಲಿ ಪ್ರಕಟಿಸಿದರು. ಅಲ್ಲಿ ಮೊದಲು ಬರುವುದು ಹಾಳೆಯಷ್ಟು ತೆಳ್ಳಗಿನ ಹಸಿರು ಉಲ್ವಾ. ಬೇಗ ಬೆಳೆಯುವ ಅದು, ನಿಧಾನದ ಕೆಂಪು ಕಳೆಗಳಿಗೆ ಸುಲಭವಾಗಿ ಜಾಗ ಬಿಡದು. ಏಡಿಗಳು ಅದನ್ನು ಮೇಯ್ದಾಗ ಅವುಗಳ ಪಾಳಿ ಬೇಗ ಬರುತ್ತದೆ.

ಅಲೆಗಳು ಪದೇ ಪದೇ ಮಗುಚುವ ಸಣ್ಣ ಕಲ್ಲುಗಳ ಮೇಲೆ ಉಲ್ವಾ, ಒಂದಿಷ್ಟು ಚಿಪ್ಪುಜೀವಿ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಅಲುಗದ ದೊಡ್ಡ ಬಂಡೆಗಳನ್ನು ಬಹುಮಟ್ಟಿಗೆ ಒಂದೇ ಕೆಂಪು ಕಳೆ ಆವರಿಸಿತ್ತು. ಆಗೊಮ್ಮೆ ಈಗೊಮ್ಮೆ ಮಗುಚುವ ನಡುಗಾತ್ರದ ಕಲ್ಲುಗಳ ಮೇಲೆಯೇ ಹೆಚ್ಚು ಬಗೆಯ ಕಳೆಗಳು. ಸೌಸಾ ಕೆಲವು ಸಣ್ಣ ಕಲ್ಲುಗಳನ್ನು ಕದಲದಂತೆ ಅಂಟಿಸಿ ಬಿಟ್ಟರು. ಅವುಗಳ ಮೇಲೂ ಬೇರೆ ಕಳೆಗಳು ಬಂದವು! ಕೊರತೆ ಕಲ್ಲಿನ ಗಾತ್ರದ್ದಾಗಿರಲಿಲ್ಲ.

ಇದನ್ನು ಓದುವಾಗ ಮಾಸ್ತರರಿಗೆ ತಮ್ಮನ ಸಂಸಾರ ನೆನಪಾಯಿತು. ಸುಗ್ಗಿ ಮುಗಿದೊಡನೆ ಅವರೆಲ್ಲ ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಗುಳೆ ಹೋಗುತ್ತಿದ್ದರು. ಮಳೆ ಬಿದ್ದಾಗ ಮರಳುತ್ತಿದ್ದರು. ಅಂಗಳದಲ್ಲಿ ನೆಟ್ಟ ಬೇವಿನ ಸಸಿ ಪ್ರತಿ ಬೇಸಿಗೆಗೂ ಒಣಗುತ್ತಿತ್ತು. ಹಿರಿಮಗಳು ನಾಲ್ಕನೇ ಇಯತ್ತೆಯನ್ನು ಎರಡು ಸಲ ಅರ್ಧಕ್ಕೇ ಬಿಟ್ಟಿದ್ದಳು. ‘ಆಕೀಗಿ ತಲಿಗೆ ಹತ್ತಂಗಿಲ್ಲ’ ಎಂದು ಮನೆಯವರೆಲ್ಲ ತೀರ್ಮಾನಿಸಿಬಿಟ್ಟಿದ್ದರು.

ರಾತ್ರಿ ಮಾಸ್ತರರು ಊರಿಗೆ ಫೋನು ಮಾಡಿದರು.

‘ಈ ಸಲ ಹುಡುಗೀನ್ನ ಕರಕೊಂಡು ಹೋಗಬ್ಯಾಡ ತಮ್ಮಾ. ಅವ್ವನ ಬಲ್ಲಿ ಬಿಡು. ಖರ್ಚಿಗೆ ನಾ ಕಳಸ್ತೀನಿ.’

ಆ ಕಡೆ ತುಸು ಹೊತ್ತು ಮಾತಿಲ್ಲ.

‘ನಾವಿಬ್ಬರೂ ಕೆಲಸಕ್ಕ ಹೋದರ ಅಲ್ಲಿ ಸಣ್ಣ ಕೂಸಿನ್ನ ಯಾರು ನೋಡಬೇಕಣ್ಣಾ?’

ಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಕೊನೆಗೆ ಉತ್ತರ ಕೊಟ್ಟವಳು ತಮ್ಮನ ಹೆಂಡತಿ. ಮಕ್ಕಳನ್ನು ಕಟ್ಟಿಕೊಂಡು ಅವಳೇ ಊರಲ್ಲಿ ಉಳಿದಳು. ಆ ವರ್ಷ ಮನೆಗೆ ಬರುವ ಕೂಲಿ ಅರ್ಧವಾಯಿತು. ಹುಡುಗಿ ವರ್ಷದ ಪರೀಕ್ಷೆಗೆ ಕೂತಳು. ಬೇವಿನ ಸಸಿಗೂ ಬೇಸಿಗೆಯಲ್ಲಿ ನೀರು ಸಿಕ್ಕಿತು.