ಒಂಟಿಕಾಲಿನ ಪಾಠ

ಕಳೆದ ಆಷಾಢದ ಒಂದು ರಾತ್ರಿ ದೀಪ ಹಾಕದೆ ಬಚ್ಚಲಿಗೆ ಹೊರಟವನು ಹೊಸ್ತಿಲು ಎಡವಿ ಬಿದ್ದೆ. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಮಕ್ಕಳಿಗೆ ಹೇಳಲು ನಾಚಿ ಎರಡು ದಿನ ಮುಚ್ಚಿಟ್ಟೆ. ಅದು ಬಿದ್ದದ್ದಕ್ಕಿಂತ ದೊಡ್ಡ ತಪ್ಪು.

ದೇಹದ ಸಮತೋಲನವನ್ನು ಕಾಯುವವರು ಮೂವರು: ಕಣ್ಣು, ಒಳಕಿವಿ, ಪಾದ ಮತ್ತು ಕೀಲುಗಳ ಸಂವೇದನೆ. ವಯಸ್ಸಾದಂತೆ ಮೂರೂ ಮಂದವಾಗುತ್ತವೆ, ಕಾಲಿನ ಸ್ನಾಯುಗಳು ಸೊರಗುತ್ತವೆ. ಕತ್ತಲಲ್ಲಂತೂ ಕಣ್ಣು ಕೈಬಿಡುತ್ತದೆ. ಆದರೆ ಅಭ್ಯಾಸದಿಂದ ಸಮತೋಲನ ಸುಧಾರಿಸಬಲ್ಲದು. ಈಗ ಬಚ್ಚಲಲ್ಲಿ ಹಿಡಿಕೆಯಿದೆ, ರಾತ್ರಿ ಸಣ್ಣ ದೀಪ ಉರಿಯುತ್ತದೆ. ಪ್ರತಿದಿನ ಬೆಳಿಗ್ಗೆ ಕಿಟಕಿಯ ಸರಳು ಹಿಡಿದು ಒಂದೊಂದು ಕಾಲಿನಲ್ಲಿ 10 ಸೆಕೆಂಡು ನಿಲ್ಲುತ್ತೇನೆ. ಮೊದಲ ದಿನ ಮೂರು ಎಣಿಸುವುದರಲ್ಲೇ ಓಲಾಡಿದ್ದೆ.

ಲೆಕ್ಕ ತಪ್ಪಿದಾಗ ನಾನು ಒಂಟಿಕಾಲಿನಲ್ಲಿ ನಿಲ್ಲಿಸುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಗಳೇ, ಕ್ಷಮಿಸಿ. ಈ ಪಾಠವನ್ನು ನಿಮ್ಮ ತಂದೆತಾಯಿಯರಿಗೆ ಪಕ್ಕದಲ್ಲಿ ನಿಂತು, ಕೈಹಿಡಿದು ಕಲಿಸಿ.