ಮಂಜಿನಲ್ಲಿ ಹೋದ ಗೋಲು

ಮೂವತ್ತನಾಲ್ಕು ವರ್ಷ ಶಬ್ದರೂಪಗಳನ್ನು ಹೇಳಿಕೊಟ್ಟು ನಿವೃತ್ತನಾದ ಸಂಸ್ಕೃತದ ಮೇಷ್ಟರಿಗೆ ಕಾಲ್ಚೆಂಡಾಟದ ಗೊಡವೆ ಏಕೆಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆ ಆಟವನ್ನು ನಾನು ಆಡಿದವನಲ್ಲ. ಶಾಲೆಯ ಬಯಲಿನಲ್ಲಿ ಒಮ್ಮೆ ಚೆಂಡು ಬಂದು ನನ್ನ ಕೊಡೆಯ ಕಡ್ಡಿ ಮುರಿದುದೇ ನಮ್ಮ ಪರಿಚಯ. ಆದರೆ ನನ್ನ ಕಿರಿಯ ಮಗನಿಗೆ ಅದರ ಹುಚ್ಚು. ಒಂದು ರಾತ್ರಿ ಊಟವಾದಮೇಲೆ ಅವನು ಫೋನಿನಲ್ಲಿ ಹಳೆಯ ಪಂದ್ಯವೊಂದರ ಚಿತ್ರವನ್ನು ನೋಡುತ್ತಿದ್ದನು. ಇಣುಕಿದೆ. ಪರದೆಯ ತುಂಬ ಬಿಳಿಯ ಮಬ್ಬು. ಅದರೊಳಗೆ ನೆರಳುಗಳಂತೆ ಯಾರೋ ಓಡುತ್ತಿದ್ದರು.

“ಇದೇನೋ, ಯಂತ್ರ ಕೆಟ್ಟಿದೆಯೆ?” ಎಂದೆ.

“ಇಲ್ಲಪ್ಪ, ಮಂಜು. 1988ರಲ್ಲಿ ಬೆಲ್‌ಗ್ರೇಡಿನಲ್ಲಿ ನಡೆದದ್ದು. ಸಾವಿಚೆವಿಚ್ ಹೊಡೆದ ಗೋಲು ಲೆಕ್ಕಕ್ಕೆ ಬರದೆ ಹೋಯಿತಲ್ಲ, ಆ ಪಂದ್ಯ” ಎಂದನು.

ಲೆಕ್ಕಕ್ಕೆ ಬರದೆ ಹೋಯಿತೆಂಬ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ದೇಯಾನ್ ಸಾವಿಚೆವಿಚ್ ಹುಟ್ಟಿದುದು 1966ರ ಸೆಪ್ಟೆಂಬರ್ 15ರಂದು, ಮಾಂಟೆನೆಗ್ರೊ ದೇಶದ ರಾಜಧಾನಿಯಲ್ಲಿ. ಆಗ ಆ ಊರಿಗೆ ಟಿಟೋಗ್ರಾಡ್ ಎಂದು ಹೆಸರು. 1992ರಲ್ಲಿ ಅದರ ಹಳೆಯ ಹೆಸರಾದ ಪೊದ್ಗೊರಿತ್ಸಾ ಹಿಂದಿರುಗಿತು. ದೇಶವು ಆಗ ಯುಗೊಸ್ಲಾವಿಯಾದ ಒಂದು ಭಾಗವಾಗಿದ್ದಿತು. ಮಾಂಟೆನೆಗ್ರೊ ಎಂಬುದು ಹೊರಗಿನವರು ಇಟ್ಟ ಹೆಸರು. ಅಲ್ಲಿಯ ಜನ ತಮ್ಮ ನಾಡನ್ನು ‘ತ್ಸರ್ನಾ ಗೋರಾ’, ಎಂದರೆ ಕರಿಯ ಬೆಟ್ಟ, ಎನ್ನುತ್ತಾರೆ. ಅವರ ‘ತ್ಸರ್ನಾ’ ನಮ್ಮ ‘ಕೃಷ್ಣ’ ಶಬ್ದದ ದಾಯಾದಿ, ‘ಗೋರಾ’ ನಮ್ಮ ‘ಗಿರಿ’ಯ ದಾಯಾದಿ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಹಾಗಾದರೆ ಆ ದೇಶದ ಹೆಸರು ಕೃಷ್ಣಗಿರಿಯೆಂದಾಯಿತು! ಹೊಸೂರಿನಾಚೆಯ ಕೃಷ್ಣಗಿರಿಗೆ ಬಸ್ಸಿನಲ್ಲಿ ಹೋಗಿಬಂದ ನನಗೆ ಇದನ್ನು ತಿಳಿದ ದಿನ ಆದ ಸಂತೋಷವನ್ನು ಮಗನು ಹಂಚಿಕೊಳ್ಳಲಿಲ್ಲ.

ಆರು ಲಕ್ಷಕ್ಕೆ ಸ್ವಲ್ಪ ಹೆಚ್ಚು ಜನರಿರುವ ನಾಡು ಅದು. ಅಲ್ಲಿಂದ ಬಂದ ಈ ಹುಡುಗನು ಮೊದಲು ತನ್ನೂರಿನ ಬುದುಚ್ನೊಸ್ತ್ ಸಂಘದಲ್ಲಿ ಆಡಿ, 1988ರಲ್ಲಿ ಬೆಲ್‌ಗ್ರೇಡಿನ ‘ಕೆಂಪು ನಕ್ಷತ್ರ’ ಸಂಘಕ್ಕೆ ಸೇರಿದನು. ಸೇರಿದೊಡನೆಯೇ ಕಡ್ಡಾಯದ ಸೈನ್ಯಸೇವೆಗೆ ಕರೆ ಬಂದಿತು. ಆ ವರ್ಷ ಆತನು ಸಂಘದ ಪರವಾಗಿ ಯೂರೋಪಿಯನ್ ಕಪ್ಪಿನ ಪಂದ್ಯಗಳಿಗೆ ಮಾತ್ರ ಬರುತ್ತಿದ್ದನು.

ಆ ಕಪ್ಪಿನಲ್ಲಿ ಎದುರಾದುದು ಇಟಲಿಯ ಮಿಲಾನ್. ಮೊದಲ ಪಂದ್ಯವು ಮಿಲಾನಿನಲ್ಲಿ 1–1 ಸಮವಾಯಿತು. ಎರಡನೆಯದು ನವೆಂಬರ್ 9ರಂದು ಬೆಲ್‌ಗ್ರೇಡಿನಲ್ಲಿ. ವಿರಾಮದ ನಂತರ ಸಾವಿಚೆವಿಚ್ ಗೋಲು ಹೊಡೆದನು. ಮಿಲಾನಿನ ಆಟಗಾರನೊಬ್ಬನನ್ನು ಹೊರಗೆ ಕಳುಹಿಸಿಯೂ ಆಗಿದ್ದಿತು. ಗೆಲವು ಕೈಗೆ ಬಂದಂತೆಯೇ. ಆದರೆ ಮಂಜು ದಟ್ಟವಾಗುತ್ತ ಬಂದು, ಆಟಗಾರರು ಒಬ್ಬರಿಗೊಬ್ಬರು ಕಾಣದಂತಾಗಿ, ರೆಫರಿಯು ಪಂದ್ಯವನ್ನು ನಿಲ್ಲಿಸಿದನು. ನಿಯಮದಂತೆ ಮರುದಿನ ಮೊದಲಿನಿಂದ, ಸೊನ್ನೆಯಿಂದ, ಆಟ. ಅದು 1–1 ಆಗಿ, ಪೆನಾಲ್ಟಿ ಒದೆತಗಳಲ್ಲಿ ಮಿಲಾನ್ 4–2ರಿಂದ ಗೆದ್ದಿತು. ಒದೆತ ವ್ಯರ್ಥವಾದ ಇಬ್ಬರಲ್ಲಿ ಸಾವಿಚೆವಿಚ್ ಒಬ್ಬನು. ಮಿಲಾನ್ ಮುಂದುವರಿದು 1989ರಲ್ಲಿ ಕಪ್ಪನ್ನೇ ಗೆದ್ದಿತು.

ಇನ್ನು ನನ್ನ ಸಂಗತಿ. ನಾನು ಕೆಲಸಕ್ಕೆ ಸೇರಿದ ಹೊಸತು. ಮಲೆನಾಡಿನ ಸೆರಗಿನ ಒಂದು ಶಾಲೆ, ದೀಪದ ಅನುಕೂಲವಿರಲಿಲ್ಲ. ಆಷಾಢದ ಒಂದು ಮಧ್ಯಾಹ್ನ ಸಂಸ್ಕೃತದ ಪರೀಕ್ಷೆ ನಡೆಸುತ್ತಿದ್ದೆ. ಮೊದಲಿಗನಾದವನಿಗೆ ವರ್ಷದ ಶುಲ್ಕ, ಪುಸ್ತಕ ಎಲ್ಲವನ್ನೂ ದಾನಿಯೊಬ್ಬರು ಕೊಡುತ್ತಿದ್ದರು. ಅರ್ಧ ಹೊತ್ತು ಕಳೆಯುವಷ್ಟರಲ್ಲಿ ಮೋಡ ಕವಿದು ಕಾಗದವೇ ಕಾಣದಷ್ಟು ಕತ್ತಲಾಯಿತು. ನಾನು ಗಂಟೆ ಹೊಡೆಸಿ, ನಾಳೆ ಹೊಸ ಪ್ರಶ್ನೆಗಳೊಡನೆ ಮತ್ತೆ ಪರೀಕ್ಷೆಯೆಂದು ಸಾರಿದೆನು. ಕಿಟಕಿಯ ಬಳಿಯ ಹುಡುಗನೊಬ್ಬನು ಆ ವೇಳೆಗೆ ಮುಕ್ಕಾಲು ಪಾಲು ಬರೆದಿದ್ದನು. ‘ರಾಜನ್’ ಶಬ್ದದ ಏಳು ವಿಭಕ್ತಿಗಳೂ ತಪ್ಪಿಲ್ಲದೆ ಇದ್ದುದನ್ನು ನಾನೇ ಬಗ್ಗಿ ನೋಡಿದ್ದೆ. ಮರುದಿನ ಹಳ್ಳ ತುಂಬಿ ಬಂದು, ಅವನು ಅರ್ಧ ಗಂಟೆ ತಡವಾಗಿ, ತೊಯ್ದ ಬಟ್ಟೆಯಲ್ಲಿ ನಡುಗುತ್ತ ಬಂದನು. ಬಹುಮಾನ ಬೇರೊಬ್ಬನಿಗಾಯಿತು. ಆ ವರ್ಷದ ಕೊನೆಗೆ ಅವನು ಶಾಲೆ ಬಿಟ್ಟನು. ಬಿಡುವುದಕ್ಕೆ ಬೇರೆ ಕಾರಣಗಳೂ ಇದ್ದುವೆಂದು ಅವನ ತಂದೆ ಹೇಳಿದರು. ನಾನು ನಂಬಿದೆನೆಂದು ಹೇಳಲಾರೆ. ನನ್ನ ನಿರ್ಣಯದಲ್ಲಿ ತಪ್ಪಿರಲಿಲ್ಲ. ಬೆಲ್‌ಗ್ರೇಡಿನ ರೆಫರಿಯದರಲ್ಲಿಯೂ ಇರಲಿಲ್ಲ. ಅದೇ ಕಷ್ಟ.

ಮೀಮಾಂಸಕರು ಒಂದು ಪ್ರಶ್ನೆಯನ್ನೆತ್ತುತ್ತಾರೆ. ಯಾಗವು ಮುಗಿದೊಡನೆ ಇಲ್ಲವಾಗುತ್ತದೆ. ಅದರ ಫಲವಾದರೋ ಎಂದೋ ಬರತಕ್ಕದ್ದು. ನಡುವಣ ಕಾಲವನ್ನು ದಾಟಿಸುವುದು ಯಾವುದು? ‘ಅಪೂರ್ವ’ವೆಂಬ ಕಾಣದ ಶಕ್ತಿಯೆಂದು ಅವರ ಉತ್ತರ. ಮಂಜಿನಲ್ಲಿ ಹೋದ ಆ ಗೋಲಿಗೂ ಒಂದು ಅಪೂರ್ವವಿದ್ದೀತೆ ಎಂದು ನಾನು ಲೆಕ್ಕ ಹಾಕತೊಡಗಿದೆನು.

ಮುಂದಿನ ಕಥೆ ಅದಕ್ಕೆ ಇಂಬು ಕೊಡುತ್ತದೆ. 1991ರಲ್ಲಿ ಬಾರಿ ಪಟ್ಟಣದಲ್ಲಿ ಕೆಂಪು ನಕ್ಷತ್ರವು ಮಾರ್ಸೇಯನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಯೂರೋಪಿಯನ್ ಕಪ್ಪನ್ನು ಗೆದ್ದಿತು. ಆದರೆ ಆ ವೇಳೆಗೆ ಸಾವಿಚೆವಿಚ್ ಮೈದಾನದಿಂದ ಹೊರಗೆ ಬಂದಿದ್ದನು. ಬದಲಿ ಆಟಗಾರನು ಒಳಗೆ ಹೋಗಿದ್ದನು. ಬಳಿಕ ದೇಶವೇ ಒಡೆಯಿತು. 1992ರ ಯೂರೋಪಿನ ಪಂದ್ಯಾವಳಿಯಿಂದ ಯುಗೊಸ್ಲಾವಿಯಾವನ್ನು ಹೊರಗಿಟ್ಟರು. ಅದರ ಬದಲು ಹೋದ ಡೆನ್ಮಾರ್ಕ್ ಗೆದ್ದುಬಂದಿತು. ಅದೇ ವರ್ಷ ಆತನನ್ನು ಕೊಂಡುಕೊಂಡ ಸಂಘ ಯಾವುದು? ಮಿಲಾನ್! ಅಲ್ಲಿಯೂ ಮೊದಲು ಕಾದು ಕೂರಬೇಕಾಯಿತು. ಮೈದಾನಕ್ಕೆ ಮೂವರು ವಿದೇಶೀಯರು ಮಾತ್ರ ಇಳಿಯಬಹುದೆಂಬ ನಿಯಮ. ಸಂಘದಲ್ಲಿದ್ದವರು ಆರು ಮಂದಿ.

1994ರ ಮೇ 18, ಅಥೆನ್ಸ್. ಎದುರಿಗೆ ಬಾರ್ಸಿಲೋನಾ. ಮಿಲಾನಿನ ರಕ್ಷಕರಿಬ್ಬರು, ಬರೇಸಿ ಮತ್ತು ಕೋಸ್ಟಕೂರ್ತಾ, ಆಡುವಂತಿರಲಿಲ್ಲ. ಮೊದಲ ಗೋಲನ್ನು ಮಸ್ಸಾರೊ ಹೊಡೆದನು; ಒದಗಿಸಿಕೊಟ್ಟವನು ಸಾವಿಚೆವಿಚ್. ವಿರಾಮ ಕಳೆದು ಎರಡು ನಿಮಿಷಕ್ಕೆ ಬಲಗಡೆಯಲ್ಲಿ ಎದುರಾಳಿಯಿಂದ ಚೆಂಡನ್ನು ಕಸಿದುಕೊಂಡು, ಮುಂದೆ ಬಂದು ನಿಂತಿದ್ದ ಗೋಲಿಯ ತಲೆಯ ಮೇಲಿನಿಂದ ಎಡಗಾಲಿನಲ್ಲಿ ಮೆಲ್ಲನೆ ಎತ್ತಿಬಿಟ್ಟನು. ಒದೆದನೆಂದು ಹೇಳಲು ನನಗೆ ಮನಸ್ಸು ಬಾರದು. ಮಗುವನ್ನು ಹೊಸಲು ದಾಟಿಸಿದ ಹಾಗೆ ಇದ್ದಿತು. ಮಿಲಾನ್ 4–0ರಿಂದ ಗೆದ್ದಿತು. ಇಟಲಿಯವರು ಆತನನ್ನು ‘ಪ್ರತಿಭಾವಂತ’ನೆಂದೇ ಕರೆದರು. ಈ ಭಾಗವನ್ನು ಮಗನಿಂದ ಐದಾರು ಸಲ ಹಾಕಿಸಿ ನೋಡಿದೆನು.

ಆದರೆ ಪಂಡಿತನ ಮನಸ್ಸು ಸುಮ್ಮನಿರಬೇಕಲ್ಲ. ಅರ್ಧಕ್ಕೆ ನಿಂತ ಯಾಗಕ್ಕೆ ಅಪೂರ್ವವೆಲ್ಲಿಯದೆಂದು ನನ್ನ ಗುರುಗಳಿದ್ದಿದ್ದರೆ ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸುತ್ತಿದ್ದರು. ಅಲ್ಲದೆ ಅಥೆನ್ಸಿನ ಫಲವು ಸೇರಿದುದು ಮಿಲಾನಿಗೆ. 1988ರ ಆ ರಾತ್ರಿ ಮೈದಾನದಲ್ಲಿ ಕೂಗಿದ ಬೆಲ್‌ಗ್ರೇಡಿನ ಜನಕ್ಕಲ್ಲ. ಸಾವಿಚೆವಿಚ್ ಅನಂತರ 2004ರಲ್ಲಿ ಮಾಂಟೆನೆಗ್ರೊದ ಕಾಲ್ಚೆಂಡು ಸಂಸ್ಥೆಗೆ ಅಧ್ಯಕ್ಷನಾದನು. 2006ರಲ್ಲಿ ದೇಶ ಸ್ವತಂತ್ರವಾಯಿತು. 2007ರ ಮಾರ್ಚ್ 24ರಂದು ಪೊದ್ಗೊರಿತ್ಸಾದಲ್ಲಿ ತನ್ನ ಮೊದಲ ಪಂದ್ಯವನ್ನಾಡಿ ಹಂಗೆರಿಯನ್ನು 2–1ರಿಂದ ಸೋಲಿಸಿತು. ತನ್ನ ನಾಡಿನ ಆ ಅಂಗಿಯನ್ನು ತೊಟ್ಟು ಆಡುವ ವಯಸ್ಸು ಆತನಿಗೆ ಮೀರಿದ್ದಿತು.

ಕಿಟಕಿಯ ಬಳಿಯ ಆ ಹುಡುಗನಿಗೆ ಈಗ ಐವತ್ತರ ಹತ್ತಿರ. ಹಿಟ್ಟಿನ ಗಿರಣಿ ಇಟ್ಟಿದ್ದಾನೆಂದು ಹಳೆಯ ವಿದ್ಯಾರ್ಥಿಯೊಬ್ಬನಿಂದ ತಿಳಿಯಿತು. ಅವನ ಅಂದಿನ ಉತ್ತರಪತ್ರಿಕೆಯಲ್ಲಿ ನಾನು ಕಂಡುದನ್ನು ಬರೆದು, ಕಳೆದ ತಿಂಗಳು ಒಂದು ಕಾಗದ ಹಾಕಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.