ಯಾರು ಯಾರನ್ನು ನೋಡಿ ಬರೆದರು?

ಹೊಸ ಒಡಂಬಡಿಕೆಯ ಕೊನೆಯ ಭಾಗದಲ್ಲಿ ಯೂದನ ಪತ್ರವೆಂಬ ಪುಟ್ಟ ಬರಹವಿದೆ; ಒಟ್ಟು 25 ವಚನಗಳು. ಪೇತ್ರನ ಎರಡನೆಯ ಪತ್ರದ 2ನೆಯ ಅಧ್ಯಾಯವನ್ನು ಅದರ ಪಕ್ಕದಲ್ಲಿಟ್ಟು ಓದಿದರೆ ಯಾವ ಉಪಾಧ್ಯಾಯನಿಗಾದರೂ ಸಂಶಯ ಮೂಡದಿರದು. ದುರ್ಬೋಧಕರ ಮೇಲೆ ಅದೇ ಖಂಡನೆ, ಬಹುಮಟ್ಟಿಗೆ ಅವೇ ದೃಷ್ಟಾಂತಗಳು. ಹಾಗಾದರೆ ಯಾರು ಯಾರನ್ನು ನೋಡಿ ಬರೆದರು?

ಯೂದನೇ ಪೇತ್ರನಿಂದ ತೆಗೆದುಕೊಂಡನೆಂದು 16ನೆಯ ಶತಮಾನದಲ್ಲಿ ಮಾರ್ಟಿನ್ ಲೂಥರ್ ಬಗೆದಿದ್ದನು. ಇಂದಿನ ಬಹುಪಾಲು ವಿದ್ವಾಂಸರ ತೀರ್ಮಾನ ಇದಕ್ಕೆ ವಿರುದ್ಧವಾದುದು. ಯೂದನ ದೃಷ್ಟಾಂತಗಳಿಗೆ ಕಾಲಕ್ರಮವಿಲ್ಲ: ಮೊದಲು ಐಗುಪ್ತದಿಂದ ಹೊರಟ ಜನ, ಬಳಿಕ ಪತಿತ ದೇವದೂತರು, ಅನಂತರ ಸೊದೋಮ. ಇನ್ನೊಂದರಲ್ಲಿ ದೇವದೂತರು, ನೋಹನ ಜಲಪ್ರಳಯ, ಸೊದೋಮ ಎಂದು ಎಲ್ಲವೂ ಕ್ರಮವಾಗಿದೆ. ಮೋಶೆಯ ದೇಹಕ್ಕಾಗಿ ಸೈತಾನನೊಡನೆ ವಾದಿಸುವಾಗಲೂ ಮೀಕಾಯೇಲನು ದೂಷಣೆಯ ಮಾತಾಡಲಿಲ್ಲವೆಂಬ, ಹಳೆಯ ಒಡಂಬಡಿಕೆಯಲ್ಲಿಲ್ಲದ ಕಥೆಯನ್ನು ಯೂದ ಹೇಳುತ್ತಾನೆ. ಪೇತ್ರನ ಹೆಸರಿನ ಪತ್ರದಲ್ಲಿ ಆ ಕಥೆಯಿಲ್ಲ; ದೇವದೂತರೂ ದೂಷಿಸುವುದಿಲ್ಲವೆಂಬ ಮೊಟಕು ಮಾತೊಂದೇ ಉಳಿದಿದೆ. ಯೂದನನ್ನು ಓದದವರಿಗೆ ಅದರ ಹಿನ್ನೆಲೆ ಹೊಳೆಯದು. ತಿದ್ದಿ ಅಚ್ಚುಕಟ್ಟು ಮಾಡಿದವನು ಹಿಂದೆ ಬಿಟ್ಟುಹೋದ ಗುರುತು ಅದು.

ಇದನ್ನು ಅರಿತ ದಿನ ನನಗೆ ನಿದ್ದೆ ಬರಲಿಲ್ಲ. ಹಲವು ವರ್ಷಗಳ ಹಿಂದೆ, ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಬರಗಾಲವನ್ನು ಕುರಿತು ಇಬ್ಬರು ಹುಡುಗರು ಒಂದೇ ಬಗೆಯ ಪ್ರಬಂಧ ಬರೆದಿದ್ದರು. ಒಂದು ಚಿಕ್ಕದು, ಕ್ರಮವಿಲ್ಲದ್ದು. ಹಸಿದಿದ್ದರೂ ಬಿತ್ತನೆಯ ರಾಗಿಯನ್ನು ಮುಟ್ಟದ ಮುದುಕಿಯೊಬ್ಬಳ ಕಥೆ ಅದರಲ್ಲಿತ್ತು. ಇನ್ನೊಂದು ದೀರ್ಘ, ಸೊಗಸಾದ ಬರಹ. ಸೊಗಸಾದುದೇ ಮೂಲವೆಂದು ನಂಬಿ, ಮೊದಲಿನವನಿಗೆ ಸೊನ್ನೆಯಿತ್ತು, ತರಗತಿಯೆದುರು ನಿಲ್ಲಿಸಿದೆ. ಅವನು ತಲೆ ತಗ್ಗಿಸಿ ನಿಂತನು. ಒಂದು ಮಾತೂ ಆಡಲಿಲ್ಲ.

ಆ ಸೊಗಸಾದ ಬರಹದ ಕೊನೆಯಲ್ಲಿ 'ಆ ಮುದುಕಿಯಂತೆ' ಎಂಬ ಎರಡು ಪದಗಳಿದ್ದವು. ಕಥೆ ಮಾತ್ರ ಎಲ್ಲಿಯೂ ಇರಲಿಲ್ಲ. ಯಾವ ಮುದುಕಿ ಎಂದು ನಾನು ಕೇಳಲೇ ಇಲ್ಲ.

ಪ್ರಾಚೀನರಲ್ಲಿ ಹಿರಿಯರ ಬರಹವನ್ನು ಎತ್ತಿಕೊಂಡು ತಮ್ಮ ಓದುಗರಿಗೆ ತಕ್ಕಂತೆ ತಿದ್ದುವುದು ಕಳವೆನಿಸುತ್ತಿರಲಿಲ್ಲ. ಎರಡೂ ಪತ್ರಗಳು ಒಂದೇ ಗ್ರಂಥದಲ್ಲಿ ಗೌರವದಿಂದ ಉಳಿದಿವೆ. ನನ್ನ ತರಗತಿಯಲ್ಲಿ ಒಬ್ಬನಿಗಷ್ಟೇ ಗೌರವ ದೊರೆಯಿತು. ಅದೂ ತಪ್ಪು ಹುಡುಗನಿಗೆ.

ನಿನ್ನ ಹೆಸರನ್ನು ಇಲ್ಲಿ ಬರೆಯಲಾರೆ. ಇದನ್ನು ನೀನು ಓದುತ್ತಿದ್ದರೆ, ನಿನ್ನ ಮೇಷ್ಟರನ್ನು ಕ್ಷಮಿಸಪ್ಪ. ಆ ಮುದುಕಿಯ ಕಥೆ ನಿನ್ನದೇ.